ಚಕ್ಕುಬಂದಿಯೊಳಗಿನ ಸಾಹುಕಾರ

ಹಳೇ ವರ್ತಕರ ಮನೆಗೆ ಹೋಗಿ ವಯಸ್ಸು ಕೇಳಿದರೆ ಮನೆಯವರು ಮೊದಲು ಹೆಂಚು ತೋರಿಸುತ್ತಾರೆ. ತುಮಕೂರಿನ ಮಂಡಿಪೇಟೆಯ ಒಂದು ಮನೆಯಲ್ಲಿ ಯಜಮಾನರು ಅಟ್ಟದಿಂದ ಹೆಂಚೊಂದನ್ನು ಇಳಿಸಿ, ಪಂಚೆಯ ಚುಂಗಿನಲ್ಲಿ ಒರೆಸಿ ಕೈಗಿಟ್ಟರು. ಮಗುಚಿ ನೋಡಿದರೆ ಉಬ್ಬಕ್ಷರದಲ್ಲಿ ಬಾಸೆಲ್ ಮಿಷನ್ನಿನ ಹೆಸರು, ಕೆಳಗೆ 1865. "ಇನ್ನೇನು ಸಾಕ್ಷಿ ಬೇಕು ಮೇಷ್ಟ್ರೇ, ನಮ್ಮ ಮುತ್ತಾತ ಕಟ್ಟಿಸಿದ್ದು" ಅಂದರು. ಸಾಕ್ಷಿ ಇನ್ನೂ ಬೇಕಿತ್ತು. 1865 ಅಂದರೆ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದ ಇಸವಿ. ಕಾರ್ಖಾನೆಯವರು ತಮ್ಮ ಹಿರಿತನ ಸಾರುವುದಕ್ಕೆ ಅದನ್ನೇ ಅಚ್ಚಿನಲ್ಲಿ ಕೂರಿಸಿದರು, ಆಮೇಲೆ ದಶಕಗಟ್ಟಲೆ ಅದೇ ಅಂಕಿ ಹೊತ್ತ ಹೆಂಚುಗಳು ಸುಟ್ಟು ಹೊರಬಂದವು. ಅಲ್ಬುಕರ್ಕ್ ಕಂಪನಿಯ ಹೆಂಚಿನ ಮೇಲಿರುವ 1868ರ ಕತೆಯೂ ಅದೇ. ಹೆಂಚು ನೋಡಿ ಇಷ್ಟು ಹೇಳಬಹುದು: ಈ ಮಾಡು ಆ ಇಸವಿಗಿಂತ ಹಿಂದಿನದಲ್ಲ. ಅದರ ಕೆಳಗಿನ ಗೋಡೆ ಇನ್ನೂ ಹಳೆಯದಿರಬಹುದು, ನಾಡಹೆಂಚು ತೆಗೆದು ಮಂಗಳೂರು ಹೆಂಚು ಹೊದಿಸಿದ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ.

ಈ ಹುಡುಕಾಟಕ್ಕೆ ನನ್ನನ್ನು ಎಳೆದವಳು ವಾಸ್ತುಶಿಲ್ಪ ಓದಿ ಬಂದ, ಸತ್ಯಮಂಗಲದಲ್ಲಿ ನಮ್ಮ ಬೀದಿಯವಳೇ ಆದ ಹುಡುಗಿ. ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿನ ಪಾರಂಪರಿಕ ಕಟ್ಟಡಗಳ ಪಟ್ಟಿ ಮಾಡುತ್ತಿದ್ದಳು. ದೇವಸ್ಥಾನ, ಕೋಟೆ, ಕಲ್ಯಾಣಿ ಎಲ್ಲ ಸೇರಿದ್ದವು. ಒಂದು ಸಾಲು ಮಾತ್ರ ಖಾಲಿ: ವಿಕ್ಟೋರಿಯಾ ಕಾಲದ ಸಿರಿವಂತ ವರ್ತಕನ ಮನೆ. ರಾಣಿ ಪಟ್ಟಕ್ಕೆ ಬಂದದ್ದು 1837ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಈ ಅರವತ್ನಾಲ್ಕು ವರ್ಷದಲ್ಲಿ ನಮ್ಮ ಜಿಲ್ಲೆಯಲ್ಲಿ ದುಡ್ಡು ಮಾಡಿದವರು ಏನು ಕಟ್ಟಿದರು, ಅದರಲ್ಲಿ ಏನು ಉಳಿದಿದೆ ಅನ್ನುವುದು ಪ್ರಶ್ನೆ. ಸತ್ಯಮಂಗಲದಲ್ಲಿ ಕೂತು ಇಂಥದ್ದನ್ನು ಕೇಳಿಕೊಳ್ಳುವುದೂ ಒಂದು ತಮಾಷೆಯೇ. ಇಲ್ಲಿ ಕಣ್ಣು ಹಾಯಿಸಿದಷ್ಟೂ ಕೈಗಾರಿಕಾ ಪ್ರದೇಶದ ತಗಡಿನ ಶೆಡ್ಡು, ಹೆದ್ದಾರಿ, ಲಾರಿ.

ಮೊದಲು ಅಚ್ಚಾದ ದಾಖಲೆ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕ'ದ 12ನೇ ಸಂಪುಟ ತುಮಕೂರು ಜಿಲ್ಲೆಯದು, 1904ರಲ್ಲಿ ಬಂದದ್ದು. ಇಂಥ ಸಂಪುಟಗಳಲ್ಲಿ ವರ್ತಕರು ಕಾಣಿಸಿಕೊಳ್ಳುವುದು ಕೊಟ್ಟಾಗ: ದೇವರಿಗೆ ದೀಪದೆಣ್ಣೆ, ಕೆರೆಗೆ ತೂಬು, ಸಂತೆಯ ಸುಂಕದಲ್ಲಿ ಒಂದು ಪಾಲು. ತಾನು ಇರುವ ಮನೆಯನ್ನು ಕಲ್ಲಿನಲ್ಲಿ ಬರೆಸುವ ರೂಢಿ ವರ್ತಕನಿಗಿರಲಿಲ್ಲ. ಅವನ ಮನೆಯಲ್ಲಿ ಇದ್ದದ್ದು ಲೆಕ್ಕದ ಪುಸ್ತಕ. ವ್ಯಾಪಾರ ನಿಂತ ದಿನದಿಂದ ಆ ಪುಸ್ತಕ ಗೆದ್ದಲಿನ ಪಾಲು.

ಗೆಜೆಟಿಯರುಗಳು ಸ್ವಲ್ಪ ಹೆಚ್ಚು ಮಾತಾಡುತ್ತವೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಗೆ ಬಂದಿದ್ದ, ಅಲ್ಲಿನ ವ್ಯಾಪಾರ ಅವನ ಕಣ್ಣಿಗೆ ಬಿದ್ದಿತ್ತು. ಹತ್ತಿರಹತ್ತಿರ ಶತಮಾನ ಕಳೆದ ಮೇಲೆ ಬಂದ ರೈಸ್ ಗೆಜೆಟಿಯರ್ (1897) ಮತ್ತು ಇಂಪೀರಿಯಲ್ ಗೆಜೆಟಿಯರ್ ಕೂಡ ಗುಬ್ಬಿ ಅಂದರೆ ಅಡಿಕೆ ಅನ್ನುತ್ತವೆ. ಮಲೆನಾಡಿನ ಅಡಿಕೆ ಇಲ್ಲಿ ಕೈ ಬದಲಾಗಿ ಆರ್ಕಾಟು ಸೀಮೆಯ ವಾಲಾಜಾಪೇಟೆಗೆ ಇಳಿಯುತ್ತಿತ್ತು. ಜೊತೆಗೆ ಕೊಬ್ಬರಿ, ಕಂಬಳಿ, ಒರಟು ಬಟ್ಟೆ, ಹುಣಸೆ, ಮೆಣಸಿನಕಾಯಿ. ಘಟ್ಟದ ಮೇಲಿನ ಸರಕಿಗೂ ಬಯಲುಸೀಮೆಯ ದುಡ್ಡಿಗೂ ಗುಬ್ಬಿಯೇ ತಕ್ಕಡಿ. ಇಷ್ಟು ವಹಿವಾಟು ನಡೆದ ಪೇಟೆಯಲ್ಲಿ ದೊಡ್ಡ ಮನೆಗಳು ಏಳದೆ ಇರುತ್ತವೆಯೇ? ಆದರೆ ಗೆಜೆಟಿಯರ್ ಬರೆಯುವವನಿಗೆ ಬೇಕಾದ್ದು ಸಂತೆ, ಸುಂಕ, ಜನಸಂಖ್ಯೆ. ಬೀದಿಯ ಮನೆಗಳು ಅವನ ಲೆಕ್ಕಕ್ಕೆ ಒಟ್ಟು ಸಂಖ್ಯೆ ಮಾತ್ರ.

ಹಾಗಾಗಿ ಉಪನೋಂದಣಿ ಕಚೇರಿಯ ದಾರಿ ಹಿಡಿಯಬೇಕಾಯಿತು. ಇದು ಸಂಶೋಧಕರು ಕಡಿಮೆ ಹೋಗುವ, ಮನೆ ಮಾರುವವರು ಮಾತ್ರ ಹೋಗುವ ಜಾಗ. ನನ್ನ ಅಭಿಪ್ರಾಯದಲ್ಲಿ ಪೇಟೆಯ ಚರಿತ್ರೆ ಪತ್ರಾಗಾರದಲ್ಲಿರುವುದಕ್ಕಿಂತ ಹೆಚ್ಚಾಗಿ ಇಲ್ಲಿದೆ. 1908ರ ನೋಂದಣಿ ಕಾಯ್ದೆ ಯಾವ ಪತ್ರ ಯಾವ ಪುಸ್ತಕಕ್ಕೆ ಹೋಗಬೇಕು ಅಂತ ಕಟ್ಟುನಿಟ್ಟಾಗಿ ಹೇಳುತ್ತದೆ. ಸ್ಥಿರಾಸ್ತಿಯ ಕ್ರಯ, ಅಡಮಾನ, ವಿಭಾಗ, ದಾನ, ಎಲ್ಲ 1ನೇ ಪುಸ್ತಕಕ್ಕೆ. ಉಯಿಲುಗಳು 3ನೇ ಪುಸ್ತಕಕ್ಕೆ. 1ನೇ ಪುಸ್ತಕಕ್ಕೆ ಎರಡು ಸೂಚಿ: ಒಂದು ಜನರ ಹೆಸರಿನಿಂದ, ಇನ್ನೊಂದು ಆಸ್ತಿಯಿಂದ. ಶುಲ್ಕ ಕಟ್ಟಿದರೆ 1ನೇ ಪುಸ್ತಕವನ್ನೂ ಅದರ ಸೂಚಿಗಳನ್ನೂ ಯಾರು ಬೇಕಾದರೂ ನೋಡಬಹುದು ಅನ್ನುತ್ತದೆ 57ನೇ ಕಲಂ. ಉಯಿಲಿಗೆ ಈ ಸಲೀಸು ಇಲ್ಲ. ಗಣಕದಲ್ಲಿ ಸಿಗುವುದು ಈ ಶತಮಾನದ 'ಕಾವೇರಿ' ತಂತ್ರಾಂಶ ಬಂದ ಮೇಲಿನದು. ಅದಕ್ಕೆ ಹಿಂದಿನದೆಲ್ಲ ಕೈಬರಹದ ದಪ್ಪ ಸಂಪುಟ.

ಹೆಸರಿನ ಸೂಚಿಯಲ್ಲಿ ವರ್ತಕರನ್ನು ಹಿಡಿಯುವುದು ಕಷ್ಟ. ಒಂದೇ ಊರಿನಲ್ಲಿ ಒಂದೇ ಹೆಸರಿನ ಶೆಟ್ಟರು, ಅಪ್ಪನವರು ಎಷ್ಟೋ ಮಂದಿ. ತಾತನ ಹೆಸರು ಮೊಮ್ಮಗನಿಗೆ, ಮೊಮ್ಮಗನದು ಅವನ ಮೊಮ್ಮಗನಿಗೆ. ಕಚೇರಿಯ ಹೊರಗೆ ಮರದ ಕೆಳಗೆ ಮೇಜು ಹಾಕಿಕೊಂಡ ಹಳೆಯ ಪತ್ರಬರಹಗಾರರೊಬ್ಬರು ನಮ್ಮ ಪಾಡು ನೋಡಿ ಒಂದು ಉಪಾಯ ಹೇಳಿಕೊಟ್ಟರು. "ಸ್ವಾಮಿ, ಸಾಹುಕಾರರ ಮನೆ ಬೇಕಾದರೆ ಸಾಹುಕಾರರ ಪತ್ರ ಹುಡುಕಬೇಡಿ. ಅವರು ಮನೆ ಮಾರಿದ್ದರೆ ತಾನೆ ಪತ್ರ ಆಗೋದು? ಪಕ್ಕದ ಬಡವರ ಪತ್ರ ನೋಡಿ."

ಆ ಮಾತಿನ ತಿರುಳು ಚಕ್ಕುಬಂದಿಯಲ್ಲಿದೆ. ಯಾವ ಕ್ರಯಪತ್ರ ತೆಗೆದರೂ ಕೊನೆಗೆ ಷೆಡ್ಯೂಲು ಬರುತ್ತದೆ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಇಂಥವರ ಹಿತ್ತಲು, ದಕ್ಷಿಣಕ್ಕೆ ರಾಜಬೀದಿ. ಇದರ ಮಧ್ಯೆ ಇರುವ ಇಷ್ಟು ಅಂಕಣದ ಮನೆ, ಅದರ ಬಾಗಿಲು, ಗೋಡೆ, ನಿಧಿ ನಿಕ್ಷೇಪ ಜಲ ಪಾಷಾಣ ಸಮೇತ. ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ. ಹಳೆಯ ಪತ್ರಗಳಲ್ಲಿ ಚದರಡಿಗಿಂತ ಮುಂಚೆ ಮನೆಯ ಅಳತೆ ಇದೇ. ದೊಡ್ಡ ಮನೆ ಕಾಲು ಶತಮಾನ ಕೈ ಬದಲಾಗದೆ ಗಟ್ಟಿಯಾಗಿ ಕೂತಿದ್ದರೂ ಅದರ ಸುತ್ತಲಿನ ಸಣ್ಣ ಮನೆಗಳು ಅಡಮಾನಕ್ಕೆ ಹೋಗುತ್ತವೆ, ಬಿಡಿಸಿಕೊಳ್ಳುತ್ತವೆ, ಮತ್ತೆ ಮಾರಾಟವಾಗುತ್ತವೆ. ಪ್ರತಿಸಲವೂ ಸಾಹುಕಾರರ ಹೆಸರು ಪಕ್ಕದವರ ಪತ್ರದಲ್ಲಿ ಒಂದು ದಿಕ್ಕಾಗಿ ಬರುತ್ತದೆ. ಒಂದು ಪತ್ರದಲ್ಲಿ 'ಪೂರ್ವಕ್ಕೆ ಇಂಥವರ ಹಿತ್ತಲು' ಅಂತ ಇದ್ದದ್ದು ಕೆಲವು ವರ್ಷ ಕಳೆದು 'ಪೂರ್ವಕ್ಕೆ ಇಂಥವರ ಮಹಡಿ ಮನೆ' ಅಂತ ಆದರೆ, ಆ ಎರಡು ಇಸವಿಗಳ ಮಧ್ಯೆ ಮಹಡಿ ಎದ್ದಿತು ಅಂತ ಲೆಕ್ಕ. ಇಷ್ಟು ಖಚಿತವಾಗಿ ಹೆಂಚು ಯಾವತ್ತೂ ಹೇಳುವುದಿಲ್ಲ.

ಇದೇ ಪುಸ್ತಕದಲ್ಲಿ ಮನೆ ಕರಗುವುದೂ ಕಾಣುತ್ತದೆ. ವಿಭಾಗಪತ್ರ ಅನ್ನುವುದು ಪೇಟೆಮನೆಗೆ ಗರಗಸ. ಮುಂದೆ ಅಂಗಡಿ, ಆಮೇಲೆ ಪಡಸಾಲೆ, ತೊಟ್ಟಿ, ನಡುಮನೆ, ಅಡುಗೆಮನೆ, ಬಚ್ಚಲು, ಹಿತ್ತಲು, ಹೀಗೆ ಮನೆ ಉದ್ದಕ್ಕೆ ಹೋಗುತ್ತದೆ. ಮಕ್ಕಳು ನಾಲ್ವರಾದರೆ ಅದು ಉದ್ದುದ್ದಕ್ಕೂ ಸೀಳುತ್ತದೆ, ತೊಟ್ಟಿಯ ನಟ್ಟನಡುವೆ ಗೋಡೆ ಏಳುತ್ತದೆ. ಒಬ್ಬನ ಪಾಲಿಗೆ ಎರಡು ಕಂಬ, ಇನ್ನೊಬ್ಬನ ಪಾಲಿಗೆ ಬಾಗಿಲುವಾಡ. ಮುಂದಿನ ತಲೆಮಾರು ತನ್ನ ಪಟ್ಟಿಯ ಮೇಲೆ ಮೂರು ಮಹಡಿ ಆರ್‌ಸಿಸಿ ಎಬ್ಬಿಸುತ್ತದೆ. ರಸ್ತೆ ಅಗಲ ಮಾಡುವಾಗ ಪೇಟೆಮನೆಗಳ ಮುಖ ಹೋಗುತ್ತದೆ ಅಂತ ಎಲ್ಲರೂ ಗೋಳಾಡುತ್ತೇವೆ. ಮುಖ ಹೋಗುವುದಕ್ಕೆ ಮೊದಲೇ ಎಷ್ಟೋ ಮನೆಗಳ ಹೊಟ್ಟೆ ಪಾಲಾಗಿ ಹೋಗಿರುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಮಕ್ಕಳಿದ್ದ ಮೇಲೆ ಪಾಲು ಇದ್ದದ್ದೇ.

ಹೀಗೆ ಯೋಚಿಸುತ್ತ ಹೋದಾಗ ಗುಬ್ಬಿಯ ದುಡ್ಡಿನ ದೊಡ್ಡ ಕಟ್ಟಡ ಗುಬ್ಬಿಯಲ್ಲಿ ಇರಬೇಕೆಂದೇನೂ ಇಲ್ಲ ಅಂತ ಹೊಳೆಯಿತು. ಗುಬ್ಬಿಯ, ಮಕ್ಕಳಿಲ್ಲದ ವರ್ತಕರೊಬ್ಬರು ಕಟ್ಟಿಸಿದ ಛತ್ರ ಬೆಂಗಳೂರಿನಲ್ಲಿದೆ. ನಾವೆಲ್ಲ ರೈಲಿಳಿದು ಅದರ ಮುಂದೆ ಸಾವಿರ ಸಲ ನಡೆದಿದ್ದೇವೆ.

ಗುಬ್ಬಿ ತೋಟದಪ್ಪನವರು ಹುಟ್ಟಿದ್ದು 1838ರಲ್ಲಿ, ವಿಕ್ಟೋರಿಯಾ ಪಟ್ಟಕ್ಕೆ ಬಂದ ಮರುವರ್ಷ. ಗುಬ್ಬಿಯ ಲಿಂಗಾಯತ ವರ್ತಕ ಮನೆತನ. ಆಮೇಲೆ ಬೆಂಗಳೂರಿಗೆ ಬಂದು ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಹೂಡಿದರು. ಸೂಚಿಗಳಲ್ಲಿ ಅವರನ್ನು ಹುಡುಕುವವರಿಗೆ ಒಂದು ಎಚ್ಚರಿಕೆ: ತೋಟದಪ್ಪ, ತೋಂಟದಪ್ಪ ಎರಡೂ ನಮ್ಮ ಸೀಮೆಯಲ್ಲಿ ಓಡಾಡುವ ರೂಪ, ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಗದ್ದುಗೆಯಿರುವ ತೋಂಟದ ಸಿದ್ಧಲಿಂಗರ ಹೆಸರು ಮನೆಮನೆಯಲ್ಲಿಟ್ಟದ್ದು. ಇಂಗ್ಲಿಷ್ ಅಕ್ಷರಕ್ಕೆ ಹೋದಾಗ ಗುಮಾಸ್ತರು ಇದನ್ನು ಇನ್ನೂ ನಾಲ್ಕು ಥರ ಬರೆಯಬಲ್ಲರು. ಒಂದೇ ಕಾಗುಣಿತ ಹಿಡಿದು ಹೋದವರು ಬರಿಗೈಯಲ್ಲಿ ಬರುತ್ತಾರೆ.

ಅವರ ಬಿರುದುಗಳು ಇದಕ್ಕಿಂತ ಒಳ್ಳೆಯ ಕೈದೀಪ. 'ಧರ್ಮಪ್ರವರ್ತ' ಅನ್ನುವ ಬಿರುದನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟದ್ದು 1905ರಲ್ಲಿ. ಬ್ರಿಟಿಷ್ ಸರ್ಕಾರದ 'ರಾವ್ ಬಹದ್ದೂರ್' ಬಂದದ್ದು 1910ರಲ್ಲಿ. ಅದೇ ವರ್ಷ ಫೆಬ್ರವರಿ 21ಕ್ಕೆ ಅವರು ತೀರಿಕೊಂಡರು. ಹಾಗಾಗಿ ಇಸವಿ ಹರಿದುಹೋದ ಕಾಗದ ಸಿಕ್ಕರೂ ತಾರೀಕು ಹಿಡಿಯಬಹುದು. ಬರೀ ತೋಟದಪ್ಪನವರಿದ್ದರೆ 1905ಕ್ಕೆ ಹಿಂದಿನದಿರಬಹುದು, ಧರ್ಮಪ್ರವರ್ತರಾಗಿದ್ದರೆ ಅದರ ಈಚಿನದು, ರಾವ್ ಬಹದ್ದೂರರೂ ಆಗಿದ್ದರೆ ಅದು ಅವರ ಕೊನೆಯ ದಿನಗಳದು, ಇಲ್ಲವೇ ಅವರು ಹೋದ ಮೇಲಿನದು. ಇವತ್ತು ಅವರ ಧರ್ಮಸಂಸ್ಥೆಯ ಪೂರ್ತಿ ಹೆಸರಿನಲ್ಲಿ ಎರಡು ಬಿರುದೂ ಸೇರಿಕೊಂಡಿವೆ.

ಈಗ ಮುಖ್ಯ ಇಸವಿಗೆ ಬರೋಣ. ಬೆಂಗಳೂರು ರೈಲು ನಿಲ್ದಾಣದ ಎದುರಿನ ಎರಡೂವರೆ ಎಕರೆ ಜಾಗವನ್ನು ತೋಟದಪ್ಪನವರು ರೈಲ್ವೆಯವರಿಂದ ಕೊಂಡದ್ದು 1897ರಲ್ಲಿ. ರಾಣಿಯ ಪಟ್ಟಕ್ಕೆ ಅರವತ್ತು ತುಂಬಿದ ವಜ್ರಮಹೋತ್ಸವದ ವರ್ಷ ಅದು. ಇದೇ ಸಂಭ್ರಮದಲ್ಲಿ ಆ ಜೂನ್ 22ರಂದು ವಿಕ್ಟೋರಿಯಾ ಆಸ್ಪತ್ರೆಗೆ ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಅಡಿಗಲ್ಲು ಹಾಕಿದರು. ಹಿಂದಿನ ವರ್ಷವಷ್ಟೇ ಹೆಸರಘಟ್ಟದ ನೀರು ಊರಿಗೆ ಬಂದಿತ್ತು. ಬೆಂಗಳೂರು-ತುಮಕೂರು ಮೀಟರ್ ಗೇಜ್ ಹಾದಿ 1884ರಲ್ಲಿ ತೆರೆದು, ಗುಬ್ಬಿ ದಾಟಿ 1889ರ ಹೊತ್ತಿಗೆ ಹರಿಹರ ಮುಟ್ಟಿತ್ತು. ಅಡಿಕೆ ಮೂಟೆ ಎತ್ತಿನ ಗಾಡಿಯಿಂದ ರೈಲಿಗೆ ಹತ್ತಿದ ಕಾಲ. ಮೂಟೆಯ ಹಿಂದೆ ಮನುಷ್ಯರೂ ಬಂದರು: ಕೋರ್ಟಿಗೆ, ಆಸ್ಪತ್ರೆಗೆ, ಓದುವುದಕ್ಕೆ, ಮಾರುವುದಕ್ಕೆ. ನಿಲ್ದಾಣದಲ್ಲಿ ಇಳಿದವನಿಗೆ ತಲೆಯ ಮೇಲೆ ಒಂದು ಸೂರು ಬೇಕಿತ್ತು. ಪೇಟೆಯ ಒಳಗಡೆ ಜಾಗ ಹುಡುಕದೆ ರೈಲ್ವೆಯವರ ಹತ್ತಿರವೇ ಹೋಗಿ ನಿಲ್ದಾಣದ ಎದುರಿನ ನೆಲವನ್ನೇ ಕೊಂಡದ್ದರಲ್ಲಿ ಭಕ್ತನಿಗಿಂತ ಹೆಚ್ಚಾಗಿ ವ್ಯಾಪಾರಿಯ ಕಣ್ಣು ಕಾಣುತ್ತದೆ ನನಗೆ. ಜನ ಎಲ್ಲಿ ಇಳಿಯುತ್ತಾರೋ ಅಲ್ಲೇ ಮಳಿಗೆ ಹಾಕಬೇಕು ಅನ್ನುವುದು ಸಂತೆಯ ಪಾಠ.

ಜಾಗ ಕೊಂಡದ್ದಕ್ಕೂ ಛತ್ರ ತೆರೆದದ್ದಕ್ಕೂ ನಡುವೆ ಸುಮಾರು ಆರು ವರ್ಷ. ಅದರ ಮಧ್ಯೆ, 1898ರ ಆಗಸ್ಟ್‌ನಲ್ಲಿ, ಬೆಂಗಳೂರಿಗೆ ಪ್ಲೇಗು ಬಂತು. ಬಂದದ್ದೂ ರೈಲಿನಲ್ಲಿ, ಹುಬ್ಬಳ್ಳಿ ಕಡೆಯಿಂದ. ಅಂದರೆ ಗುಬ್ಬಿ, ತುಮಕೂರು ಹಾದು ಬರುವ ಅದೇ ಹಳಿಯ ಮೇಲೆ. ವಿ.ಪಿ. ಮಾಧವರಾಯರು ಪ್ಲೇಗ್ ಕಮಿಷನರಾದರು. ಪೇಟೆಯ ಕತ್ತಲ ಮನೆಗಳಿಗೆ ಗಾಳಿ ಬೆಳಕು ಬೇಕು ಅನ್ನುವ ಮಾತು ಸರ್ಕಾರದ ಆಜ್ಞೆಯಾಯಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತುಂಬಿಕೊಂಡದ್ದು ಈ ಹೆದರಿಕೆಯ ಬೆನ್ನಲ್ಲೇ. ವಿಕ್ಟೋರಿಯನ್ ಮನೆ ಅಂತ ನಾವು ಈಗ ಕರೆಯುವುದರ ಲಕ್ಷಣಗಳನ್ನು ನೋಡಿ: ಸುತ್ತ ಕಾಂಪೌಂಡು, ಎತ್ತರದ ಸೂರಿನಡಿ ಗವಾಕ್ಷಿ, ಬೀದಿಯಿಂದ ಹಿಂದೆ ಸರಿದ ವರಾಂಡ. ಇದರಲ್ಲಿ ದೊರೆಗಳ ಷೋಕಿಯನ್ನು ಅನುಕರಿಸಿದ್ದು ಎಷ್ಟು, ಇಲಿಗೆ ಹೆದರಿದ್ದು ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಷೋಕಿಯ ಭಾಗವೂ ಇತ್ತು, ಇಲ್ಲ ಅನ್ನಲಾರೆ. 1889ರಲ್ಲಿ ಅಡಿಗಲ್ಲು ಬಿದ್ದ ಲಾಲ್‌ಬಾಗಿನ ಗಾಜಿನಮನೆಗೆ ಗ್ಲಾಸ್ಗೋದ ಸಾರಸೆನ್ ಫೌಂಡ್ರಿಯಿಂದ ಎರಕದ ಕಬ್ಬಿಣ ಬಂತು, ಮೈಸೂರು ಅರಮನೆಯ ಎರಕದ ಕಂಬಗಳೂ ಅಲ್ಲಿಯವೇ. ಅರಮನೆಗೆ ಬಂದದ್ದನ್ನು ಕಂಡ ಮೇಲೆ ಪೇಟೆಯ ಸಾಹುಕಾರನಿಗೆ ಹಲಸಿನ ಕಂಬ ಸಪ್ಪೆಯೆನಿಸಿದರೆ ಅಚ್ಚರಿಯಿಲ್ಲ.

1903ರ ಫೆಬ್ರವರಿ 11ರಂದು ನಾಲ್ವಡಿಯವರು ಬಂದು ತೋಟದಪ್ಪನವರ ಛತ್ರವನ್ನೂ ವಿದ್ಯಾರ್ಥಿನಿಲಯವನ್ನೂ ತೆರೆದರು. ಅವರು ಅಧಿಕಾರ ವಹಿಸಿಕೊಂಡು ಆಗ ಆರು ತಿಂಗಳಾಗಿತ್ತು, 1902ರ ಆಗಸ್ಟ್‌ನಲ್ಲಿ ವೈಸ್‌ರಾಯ್ ಕರ್ಜನ್ ಬಂದು ಅಧಿಕಾರ ಒಪ್ಪಿಸಿ ಹೋಗಿದ್ದ. ಹೊಸ ಮಹಾರಾಜರು, ಹೊಸ ಶತಮಾನ, ರೈಲಿನ ಎದುರಿನ ಛತ್ರ. ತಂಗಲು ಎಲ್ಲ ಮತದವರಿಗೂ ಬಾಗಿಲು ತೆರೆದಿತ್ತು, ವಿದ್ಯಾರ್ಥಿನಿಲಯ ಲಿಂಗಾಯತ ಹುಡುಗರಿಗೆ. ತಮ್ಮ ಆಸ್ತಿಯನ್ನು ಧರ್ಮಸಂಸ್ಥೆಗೆ ಬರೆದ ತೋಟದಪ್ಪನವರು ಕೊನೆಗಾಲದಲ್ಲಿ ಅದರ ಅಧ್ಯಕ್ಷತೆಯನ್ನು ಕೆ.ಪಿ. ಪುಟ್ಟಣ್ಣ ಚೆಟ್ಟಿಯವರಿಗೆ ಒಪ್ಪಿಸಿದರು. ಬೆಂಗಳೂರಿನ ಪುರಭವನದ ಮೇಲೆ ಹೆಸರಿರುವ ಪುಟ್ಟಣ್ಣ ಚೆಟ್ಟಿಯವರೇ ಇವರು. ಯಾರನ್ನು ಆರಿಸಿದರು ಅನ್ನುವುದು ಕಟ್ಟಡದ ಗಾರೆಯಷ್ಟೇ ಮುಖ್ಯ. ಕುಟುಂಬದ ಒಳಗಿನವರ ಕೈಗೆ ಕೊಟ್ಟಿದ್ದರೆ ಒಂದಲ್ಲ ಒಂದು ದಿನ ಷೆಡ್ಯೂಲು ಎ, ಷೆಡ್ಯೂಲು ಬಿ ಅಂತ ಆಗುತ್ತಿತ್ತೇನೋ. ಊರಿನ ವ್ಯವಹಾರ ನೋಡಿದ, ಲೆಕ್ಕ ಬಲ್ಲ ಸಾರ್ವಜನಿಕ ಮನುಷ್ಯನಿಗೆ ಕೊಟ್ಟರು.

ಇಷ್ಟೆಲ್ಲ ಜೋಡಿಸಿಕೊಂಡು ಹುಡುಗಿಯ ಮುಂದಿಟ್ಟೆ. ಅವಳ ತಕರಾರು ನೇರವಾಗಿತ್ತು. "ಸರ್, ಇದು ಮನೆಯಲ್ಲ, ಛತ್ರ. ಅದೂ 2005ರಲ್ಲಿ ನವೀಕರಣವಾಗಿ ವಾಣಿಜ್ಯ ಸಂಕೀರ್ಣ, ಹೋಟೆಲು ಎಲ್ಲ ಬಂದಿದೆ. ವಿಕ್ಟೋರಿಯನ್ ಅಂತ ತೋರಿಸೋಕೆ ಫೋಟೊದಲ್ಲಿ ಏನು ಸಿಗುತ್ತೆ?" ಅವಳು ಹೇಳಿದ್ದು ಸುಳ್ಳಲ್ಲ. ಹೋಲಿಕೆಗೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ ಎತ್ತಿದಳು. ಅದು ನಿಜವಾಗಿಯೂ ಮನೆ. ಮೈಸೂರಿನ ಯುವರಾಜರಿಂದ ಕೊಂಡವರು ಮ್ಯಾಂಗನೀಸ್, ಕ್ರೋಮ್ ಗಣಿಯಲ್ಲಿ ದುಡ್ಡು ಮಾಡಿದ ಮಾಣಿಕ್ಯವೇಲು ಮೊದಲಿಯಾರ್. ಸಾಲ ತೀರಿಸಲಾಗದೆ ಮನೆ ಹರಾಜಿಗೆ ಬಂತು, ನಗರಾಭಿವೃದ್ಧಿ ಟ್ರಸ್ಟ್ ಬೋರ್ಡಿನ ಕೈಗೆ ಹೋಯಿತು, ಆಮೇಲೆ ಗೃಹ ಮಂಡಳಿಗೆ. 2000ದಲ್ಲಿ ಕೇಂದ್ರ ಸಂಸ್ಕೃತಿ ಇಲಾಖೆಗೆ ಗುತ್ತಿಗೆಯಾಗಿ, 2009ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಾಗಿ ತೆರೆಯಿತು. ವರಾಂಡ, ಮರದ ಮೆಟ್ಟಿಲು, ತೋಟ ಎಲ್ಲ ನೋಡುವ ಹಾಗಿದೆ. ಆ ಮನೆ ಉಳಿದದ್ದು ಸಾಹುಕಾರಿಕೆಯಿಂದಲ್ಲ ಅನ್ನುವುದನ್ನೂ ಗಮನಿಸಬೇಕು. ಸಾಹುಕಾರಿಕೆ ಮುರಿದು ಅದು ಸರ್ಕಾರದ ಪಾಲಾದದ್ದರಿಂದ ಉಳಿಯಿತು.

ನಾನು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ತೆಗೆದೆ. ಪಾರಂಪರಿಕ ಕಟ್ಟಡಕ್ಕೆ ಅದು ಕೊಡುವ ವ್ಯಾಖ್ಯೆಯಲ್ಲಿ ನಾಲ್ಕು ಮೌಲ್ಯಗಳಿವೆ: ವಾಸ್ತುಶಿಲ್ಪದ್ದು, ಸೌಂದರ್ಯದ್ದು, ಚರಿತ್ರೆಯದು, ಸಂಸ್ಕೃತಿಯದು. ಇವುಗಳಲ್ಲಿ ಯಾವುದಾದರೂ ಇದ್ದು, ಯೋಜನಾ ಪ್ರಾಧಿಕಾರ ಹಾಗೆಂದು ಘೋಷಿಸಬೇಕು. ಮೊದಲೆರಡಕ್ಕೆ ಫೋಟೊ ಸಾಕು, ಉಳಿದೆರಡಕ್ಕೆ ಕಾಗದ ಬೇಕು. ನಮ್ಮ ಜಿಲ್ಲೆಯ ಸಂರಕ್ಷಿತ ಸ್ಮಾರಕಗಳೆಂದರೆ ಮಧುಗಿರಿಯ ಕೋಟೆ, ಶಿರಾದ ಮಲಿಕ್ ರಿಹಾನ್ ಗೋರಿ, ಅರಳಗುಪ್ಪೆಯ ಕಲ್ಲೇಶ್ವರ, ಇಂಥವು. ರಾಜ, ಸೇನಾನಿ, ದೇವರು. ಅಡಿಕೆ ತೂಗಿದವನಿಗೆ ಅಲ್ಲಿ ಜಾಗ ಸಿಗಬೇಕಾದರೆ ಕಂಬದ ಕೆತ್ತನೆ ತೋರಿಸಿ ಗೆಲ್ಲಲಾಗದು. ಕಲ್ಲೇಶ್ವರನ ಮುಂದೆ ಎರಕದ ಕಂಬ ನಿಂತೀತೆ? ವಹಿವಾಟು, ಬಳಕೆ, ದಾನ ತೋರಿಸಿಯೇ ಗೆಲ್ಲಬೇಕು.

ಬಳಕೆಯ ಮಾತಿಗೆ ಬಂದರೆ ತೋಟದಪ್ಪನವರ ಜಾಗಕ್ಕೆ ಸಾಟಿ ಸಿಗುವುದು ಕಷ್ಟ. 1903ರಲ್ಲಿ ಪ್ರಯಾಣಿಕ ತಂಗಿದ, ಹುಡುಗ ಓದಿದ. ನೂರಿಪ್ಪತ್ತು ವರ್ಷ ಕಳೆದ ಮೇಲೂ ಆ ಎರಡೂವರೆ ಎಕರೆಗೆ ಅದೇ ಕೆಲಸ. ಅಂಗಡಿ, ಹೋಟೆಲಿನ ಬಾಡಿಗೆ ಬಂದರೆ ತಾನೆ ಉಚಿತ ವಿದ್ಯಾರ್ಥಿನಿಲಯಕ್ಕೆ ಅಕ್ಕಿ ಬೇಯುವುದು? 2005ರ ಕಾಂಕ್ರೀಟಿನ ಬಗ್ಗೆ ನನಗೂ ಅಸಮಾಧಾನವಿದೆ. ಹಳೆಯ ಮುಖವನ್ನು ಇನ್ನಷ್ಟು ಉಳಿಸಿಕೊಂಡು ಮಾಡಬಹುದಿತ್ತು. ಆದರೂ ಮುಖ ಹೋಗಿ ಕೆಲಸ ಉಳಿದ ಕಟ್ಟಡಕ್ಕೂ, ಮುಖ ಉಳಿದು ಕೆಲಸ ಹೋದ ಕಟ್ಟಡಕ್ಕೂ ಪಟ್ಟಿಯಲ್ಲಿ ಒಂದೇ ಅಳತೆಗೋಲು ಹಿಡಿಯಬಾರದು.

ವಾದ ಪೂರ್ತಿ ಗೆದ್ದೆ ಅನ್ನಲಾರೆ. ಅವಳು ನಮೂನೆಗೆ ಎರಡು ಕಾಲಂ ಸೇರಿಸಿದಳು: 'ಕಟ್ಟಿಸಿದಾಗಿನ ಉದ್ದೇಶ', 'ಈಗಿನ ಬಳಕೆ'. ಮಂಡಿಪೇಟೆ, ಚಿಕ್ಕಪೇಟೆಯ ಮನೆಗಳಿಗೂ ಅವನ್ನೇ ತುಂಬಿಸಬೇಕು ಅಂತ ಆಯಿತು. ಗುಬ್ಬಿಯ ಸಂಪುಟಗಳಲ್ಲಿ ಇನ್ನು ಮೇಲೆ ಕ್ರಯಪತ್ರಗಳ ಜೊತೆಗೆ ದಾನಪತ್ರಗಳನ್ನೂ ನೋಡುತ್ತೇವೆ. ಮಠಕ್ಕೆ, ಶಾಲೆಗೆ, ಅರವಟ್ಟಿಗೆಗೆ ಮನೆ ಬರೆದುಕೊಟ್ಟವರಿದ್ದರೆ ಆ ಮನೆ ತುಂಡಾಗದೆ ನಿಂತಿರುವ ಸಂಭವ ಹೆಚ್ಚು. ತುಮಕೂರಿಗೆ ರೈಲು ಬಂದ 1884ರಿಂದ 1910ರವರೆಗೆ, ಪೇಟೆ ಬೀದಿಗೆ ಸೇರಿದ ಆಸ್ತಿ ಸೂಚಿ ಮಾತ್ರ ಸಾಕು ಅಂತ ಅರ್ಜಿ ಬರೆದಿದ್ದೇವೆ. ಹುಡುಕಾಟದ ಶುಲ್ಕ ವರ್ಷದ ಲೆಕ್ಕ, ಅದಕ್ಕೇ ಇಸವಿ ಕಡಿಮೆ ಮಾಡಿದ್ದು.